ಗಡಿ ದಾಟಿದ ಮೇಲೆ ಯಾವ ದಾರಿ ಹಿಡಿಯಬೇಕು? ನೇಪಾಳಕ್ಕೆ ಸ್ವಂತ ಕಾರಿನಲ್ಲಿ ಹೊರಟ ಕೊಡಗಿನ ಓದುಗರಿಗೆ

ಪ್ರಶ್ನೆ: ವಿರಾಜಪೇಟೆ ಕಡೆಯ ನಾವು ನಾಲ್ವರು ಸ್ವಂತ ಕಾರಿನಲ್ಲಿ ನೇಪಾಳಕ್ಕೆ ಹೋಗಬೇಕೆಂದಿದ್ದೇವೆ. ಗೋರಖ್‌ಪುರದ ಮೇಲೆ ಹಾದು ಸುನೌಲಿಯಲ್ಲಿ ಗಡಿ ದಾಟುವ ಯೋಚನೆ. ಅಲ್ಲಿಂದ ಪೋಖರಾಕ್ಕೂ ಕಾಠ್ಮಂಡುವಿಗೂ ಫೋನಿನ ಮ್ಯಾಪು ಎರಡು ಮೂರು ದಾರಿ ತೋರಿಸುತ್ತದೆ. ಘಾಟಿಯಲ್ಲಿ ಗಾಡಿ ಓಡಿಸಿ ಅಭ್ಯಾಸವಿರುವ ನಮಗೆ ಇವುಗಳಲ್ಲಿ ಸುರಕ್ಷಿತವಾದದ್ದು ಯಾವುದು?

ಉತ್ತರ: ಕಾಫಿ ಕೊಯ್ಲಿಗೆ ಮುಂಚಿನ ಬಿಡುವಿನಲ್ಲಿ ದೂರದ ಪ್ರಯಾಣಕ್ಕೆ ಹೊರಡುವವರು ಹೆಚ್ಚಾದಂತೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ ಬರಲಿ. ಗಡಿ ದಾಟಿದ ದಿನ ಬೆಟ್ಟ ಹತ್ತಬೇಡಿ. ಆ ರಾತ್ರಿ ಬಯಲಿನಲ್ಲಿಯೇ, ಎಂದರೆ ಭೈರಹವಾ ಅಥವಾ ಬುಟವಲ್‌ನಲ್ಲಿ, ಬೆಳಿಗ್ಗೆಯೇ ಗಡಿಯ ಕೆಲಸ ಮುಗಿದು ಹಗಲು ಸಾಕಷ್ಟು ಉಳಿದಿದ್ದರೆ ಚಿತವನ ಜಿಲ್ಲೆಯ ಭರತ್‌ಪುರ ಅಥವಾ ಸೌರಾಹಾದಲ್ಲಿ ಮಲಗಿ, ಮರುದಿನ ಬೆಳಕು ಚೆನ್ನಾಗಿ ಹರಿದ ಮೇಲೆ, ಭರತ್‌ಪುರಕ್ಕೇ ಸೇರಿದ ನಾರಾಯಣಘಾಟ್‌ನಿಂದ ಮುಗ್ಲಿಂಗ್ ದಾರಿ ಹಿಡಿಯಿರಿ. ಮುಗ್ಲಿಂಗ್‌ನಲ್ಲಿ ಎಡಕ್ಕೆ ಹೊರಳಿದರೆ ಪೋಖರಾ, ಬಲಕ್ಕೆ ಹೊರಳಿದರೆ ಕಾಠ್ಮಂಡು. ಲಾರಿ ಬಸ್ಸುಗಳಿಂದ ತುಂಬಿರುವ, ನೋಡಲು ಏನೂ ಹಿತವಲ್ಲದ ಈ ದಾರಿಯನ್ನೇ ನಾನು ಮುಂದಿಡುವುದಕ್ಕೆ ಮುಖ್ಯ ಕಾರಣ, ಬರೆ ಕುಸಿದು ರಸ್ತೆ ಮುಚ್ಚಿದರೆ ಯಂತ್ರಗಳು ಮೊದಲು ಬಂದು ನಿಲ್ಲುವುದು ಅಲ್ಲಿ. ಮಣ್ಣು ಬಿದ್ದಾಗ ಸಂಪಾಜೆ ಘಾಟಿಯಲ್ಲಿ ಎಷ್ಟು ಬೇಗ ಜೆಸಿಬಿ ಕಾಣಿಸುತ್ತದೆ, ಒಳದಾರಿಗಳಲ್ಲಿ ಎಷ್ಟು ದಿನ ಯಾರೂ ತಿರುಗಿ ನೋಡುವುದಿಲ್ಲ ಎಂಬುದನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಗಡಿಯ ದಿನವೇ ಬೆಟ್ಟ ಹತ್ತಬಾರದು ಎನ್ನುವುದಕ್ಕೆ ಕಾರಣವಿದೆ. ಮಡಿಕೇರಿಯಿಂದ ಸುನೌಲಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ನಾಲ್ಕು ದಿನ ಚತುಷ್ಪಥ ಹೆದ್ದಾರಿಗಳಲ್ಲಿ ವೇಗವಾಗಿ ಬಂದ ಚಾಲಕನ ಕಣ್ಣು ಕಾಲು ಎರಡೂ ಆ ವೇಗಕ್ಕೆ ಒಗ್ಗಿಹೋಗಿರುತ್ತವೆ. ಗಡಿಯಲ್ಲಿ ಲಾರಿಗಳ ಸಾಲಿನಲ್ಲಿ ಕಾಯುವುದು, ಭನ್ಸಾರ್ ಎಂದು ಅಲ್ಲಿ ಕರೆಯುವ ಸುಂಕದ ಕಚೇರಿಯಲ್ಲಿ ವಾಹನದ ಪರವಾನಗಿ ಪಡೆಯುವುದು, ಆಮೇಲೆ ಸಾರಿಗೆ ಇಲಾಖೆಯ ಚೀಟಿ ಮಾಡಿಸುವುದು, ಇಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆಯಾದರೂ ನವೆಂಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಐದೂ ಕಾಲಿನ ಆಸುಪಾಸಿಗೆ. ಅದೇ ದಿನ ಕೊಡಗಿನಲ್ಲಿ ಹೊತ್ತು ಮುಳುಗುವಾಗ ಆರು ಗಂಟೆಗೆ ಸಮೀಪ. ಇನ್ನೂ ಒಂದು ಗಂಟೆ ಬೆಳಕಿದೆ ಎಂದು ನಮ್ಮ ಅಭ್ಯಾಸ ಲೆಕ್ಕ ಹಾಕುತ್ತಿರುವಾಗಲೇ ಅಲ್ಲಿ ಕತ್ತಲಾಗಿರುತ್ತದೆ, ನದಿಯ ಆಳವಾದ ಕಣಿವೆಯೊಳಗಂತೂ ನಾಲ್ಕು ಗಂಟೆಗೇ ನೆರಳು ಕವಿಯುತ್ತದೆ.

ಪರವಾನಗಿಯ ವಿಷಯದಲ್ಲಿ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ ಒಂದು ಮಾತನ್ನು ಹೆಚ್ಚಿನವರು ಗಮನಿಸುವುದಿಲ್ಲ. ಭನ್ಸಾರ್ ಶುಲ್ಕ ದಿನದ ಲೆಕ್ಕದಲ್ಲಿರುವುದರಿಂದ ನಾಲ್ಕು ದಿನದ ಪ್ರವಾಸಕ್ಕೆ ನಾಲ್ಕೇ ದಿನದ ಚೀಟಿ ಮಾಡಿಸುವುದು ಲಾಭವೆಂದು ತೋರುತ್ತದೆ. ಆದರೆ ಕೊನೆಯ ದಿನ ದಾರಿಯಲ್ಲಿ ಮಣ್ಣು ಬಿದ್ದು ಆರು ಗಂಟೆ ತಡವಾದರೆ, ಅವಧಿ ಮೀರುತ್ತದೆಂಬ ಆತಂಕದಲ್ಲಿ ರಾತ್ರಿ ಗಾಡಿ ಓಡಿಸುವ ತೀರ್ಮಾನವನ್ನು ಮನಸ್ಸು ತಾನಾಗಿಯೇ ಮಾಡಿಬಿಡುತ್ತದೆ. ಆದ್ದರಿಂದ ಯೋಜನೆಗಿಂತ ಎರಡು ಮೂರು ದಿನ ಹೆಚ್ಚಿಗೆ ಬರೆಸಿಕೊಳ್ಳಿ. ಭಾರತದ ಖಾಸಗಿ ವಾಹನಕ್ಕೆ ವರ್ಷದಲ್ಲಿ ಒಟ್ಟು 30 ದಿನ ಅಲ್ಲಿರಲು ಅವಕಾಶವಿರುವುದರಿಂದ ನಿಮ್ಮಂತಹ ಪ್ರವಾಸಿಗಳಿಗೆ ಇದರಲ್ಲಿ ಅಡಚಣೆಯಿಲ್ಲ.

ಉಳಿದ ಕಾಗದಪತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇರಬೇಕು. ಆಧಾರ್ ಒಂದನ್ನೇ ನೆಚ್ಚಿಕೊಂಡು ಹೊರಡಬೇಡಿ. ನಮ್ಮ ಚಾಲನಾ ಪರವಾನಗಿ ಅಲ್ಲಿ ನಡೆಯುತ್ತದೆ, ವಾಹನಗಳು ನಮ್ಮಂತೆಯೇ ರಸ್ತೆಯ ಎಡಕ್ಕೆ ಓಡುತ್ತವೆ. ಪೊಲೀಸರು ‘ಬ್ಲೂಬುಕ್’ ಕೇಳಿದರೆ ಅವರು ಕೇಳುತ್ತಿರುವುದು ನೋಂದಣಿ ಪತ್ರವನ್ನು. ಫೋನಿನಲ್ಲಿರುವ ಪ್ರತಿಯ ಬದಲು ಅಸಲು ಕಾರ್ಡನ್ನೇ ಕೊಂಡೊಯ್ಯಿರಿ. ವಿಮೆಯ ವಿಷಯ ಮಾತ್ರ ಊರಲ್ಲಿಯೇ ಮುಗಿಯಬೇಕಾದದ್ದು. ನಮ್ಮ ವಾಹನ ವಿಮೆ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ಅನ್ವಯಿಸುತ್ತದೆ. ಭೌಗೋಳಿಕ ವ್ಯಾಪ್ತಿಯ ವಿಸ್ತರಣೆ ಎಂಬ ಸೇರ್ಪಡೆಯನ್ನು ಹೆಚ್ಚುವರಿ ಕಂತು ಕಟ್ಟಿ ಮಾಡಿಸಿಕೊಂಡರೆ ನೇಪಾಳ, ಭೂತಾನ್, ಬಾಂಗ್ಲಾದೇಶ ಮುಂತಾದ ನೆರೆ ದೇಶಗಳಿಗೂ ಅದು ಹಬ್ಬುತ್ತದೆ. ಇದು ಆನ್‌ಲೈನ್ ನವೀಕರಣದಲ್ಲಿ ಕಣ್ಣಿಗೆ ಬೀಳದಿರಬಹುದು. ಶಾಖೆಗೆ ಹೋಗಿ ಕೇಳಿ, ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಇನ್ನು ದಾರಿಗಳ ವಿಚಾರ. ನೇಪಾಳದ ದಕ್ಷಿಣದ ಅಂಚಿನಲ್ಲಿ ಉತ್ತರ ಪ್ರದೇಶ, ಬಿಹಾರಗಳ ಮುಂದುವರಿಕೆಯಂತಿರುವ ತರಾಯಿ ಬಯಲು ಇದೆ. ಅದರ ಬೆನ್ನಿಗೆ ಚೂರೆ ಎಂಬ ತಗ್ಗು ಬೆಟ್ಟಸಾಲು, ಅದರಾಚೆ ಮಹಾಭಾರತ ಎಂದು ಕರೆಯುವ ಎತ್ತರದ ಸಾಲು, ಆಮೇಲೆ ಪೋಖರಾ, ಕಾಠ್ಮಂಡುಗಳ ಕಣಿವೆಗಳು. ಘಾಟಿ ಓಡಿಸಿ ಅಭ್ಯಾಸವಿದೆ ಎಂದು ನೀವು ಬರೆದಿರುವುದು ಇಲ್ಲಿ ಅರ್ಧ ನೆರವಿಗೆ ಬರುತ್ತದೆ, ಅರ್ಧ ದಾರಿ ತಪ್ಪಿಸುತ್ತದೆ. ತಿರುವಿನಲ್ಲಿ ಹಾರ್ನ್ ಮಾಡುವುದು, ಇಳಿಜಾರಿನಲ್ಲಿ ಬ್ರೇಕಿನ ಬದಲು ಗೇರಿನಲ್ಲಿ ಹಿಡಿದಿಡುವುದು, ಹತ್ತುವ ಗಾಡಿಗೆ ದಾರಿ ಬಿಡುವುದು ಇವೆಲ್ಲ ಅಲ್ಲಿಯೂ ಉಪಯೋಗಕ್ಕೆ ಬರುವ ವಿದ್ಯೆಗಳೇ. ಆದರೆ ಕೊಡಗಿನ ಬೆಟ್ಟಗಳ ಒಡಲಿನಲ್ಲಿ ಬಹು ಪುರಾತನವಾದ ಗಟ್ಟಿ ಶಿಲೆಯಿದ್ದು, ನಮ್ಮಲ್ಲಿ ಜಾರುವುದು ಹೆಚ್ಚಾಗಿ ಅದರ ಮೇಲೆ ಕೂತಿರುವ ದಪ್ಪನೆಯ ಮಣ್ಣು; 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯನ್ನು ವಾರಗಟ್ಟಲೆ ಮುಚ್ಚಿಸಿದ್ದು ನೀರು ಕುಡಿದು ಭಾರವಾದ ಆ ಮಣ್ಣು. ಹಿಮಾಲಯದ ತಪ್ಪಲಿನಲ್ಲಿ ಶಿಲೆಯೇ ಎಳೆಯದು, ಮಡಿಕೆಬಿದ್ದು ಬಿರುಕುಬಿಟ್ಟದ್ದು. 2015ರ ಏಪ್ರಿಲ್ 25ರ 7.8 ತೀವ್ರತೆಯ ಭೂಕಂಪ ಗೋರ್ಖಾ, ಧಾದಿಂಗ್ ಕಡೆಯ ಇಳಿಜಾರುಗಳನ್ನು ಇನ್ನಷ್ಟು ಸಡಿಲಗೊಳಿಸಿತು. ನಾವು ಮಳೆ ಸುರಿಯುವಾಗ ಹೆದರುತ್ತೇವೆ, ಮಳೆ ನಿಂತು ಬಿಸಿಲು ಬಂದರೆ ನಿರಾಳವಾಗುತ್ತೇವೆ. ಅಲ್ಲಿ ಮಳೆ ನಿಂತ ಮರುದಿನದ ಬಿಸಿಲಿನಲ್ಲಿಯೂ ಮೇಲಿನಿಂದ ಕಲ್ಲು ಉರುಳಬಹುದು.

ಸುನೌಲಿಯಿಂದ ಬುಟವಲ್‌ವರೆಗೆ ಎಲ್ಲರಿಗೂ ಒಂದೇ ದಾರಿ. ಬುಟವಲ್‌ನಲ್ಲಿ ಆಯ್ಕೆ ಎದುರಾಗುತ್ತದೆ. ಪೋಖರಾಕ್ಕೆ ಹೋಗುವವರಿಗೆ ನೇರವಾಗಿ ಉತ್ತರಕ್ಕೆ ಬೆಟ್ಟವೇರುವ ಸಿದ್ಧಾರ್ಥ ರಾಜಮಾರ್ಗವಿದೆ; ಗಡಿಯಿಂದ ಪೋಖರಾವರೆಗೆ ಒಟ್ಟು ಸುಮಾರು 180 ಕಿಲೋಮೀಟರ್. ತಾನ್ಸೆನ್‌ನ ಮಗ್ಗುಲಲ್ಲಿ ಹಾದು, ರಾಮ್ದಿಯಲ್ಲಿ ಕಾಳಿ ಗಂಡಕಿಯನ್ನು ದಾಟಿ, ವಾಲಿಂಗ್, ಸ್ಯಾಂಜಾ ಮೂಲಕ ಸಾಗುವ ಈ ದಾರಿ ನಮ್ಮ ಮಾಕುಟ್ಟ ಘಾಟಿಯನ್ನು ನಾಲ್ಕೈದು ಪಟ್ಟು ಉದ್ದ ಮಾಡಿದಂತಿರುತ್ತದೆ: ಕಿರಿದು, ತಿರುವು ಹೆಚ್ಚು, ಲಾರಿ ಕಡಿಮೆ. ಒಣ ಋತುವಿನಲ್ಲಿ ಬೆಳಿಗ್ಗೆ ಹೊರಟು ನಿಧಾನವಾಗಿ ಹೋಗುವವರಿಗೆ ಇದು ಕೆಟ್ಟ ಆಯ್ಕೆಯಲ್ಲ, ಚೆಲುವಿನಲ್ಲಂತೂ ಇದೇ ಮೇಲು. ಆದರೆ ಬುಟವಲ್ ಬಿಟ್ಟ ಕೂಡಲೇ ಸಿಗುವ ಸಿದ್ಧಬಾಬಾ ಎಂಬ ಜಾಗ ಮೇಲಿನಿಂದ ಕಲ್ಲು ಬೀಳುವುದಕ್ಕೆ ಕುಖ್ಯಾತವಾಗಿದ್ದು, ಅದನ್ನು ತಪ್ಪಿಸುವುದಕ್ಕೆಂದೇ ಅಲ್ಲಿ ಸುರಂಗದ ಕಾಮಗಾರಿಯನ್ನು ಕೈಗೆತ್ತಿಕೊಳ್ಳಲಾಯಿತು. ಆ ಜಾಗ ಅಂದು ತೆರೆದಿದೆಯೇ, ಯಾವ ಹೊತ್ತಿಗೆ ಬಿಡುತ್ತಾರೆ ಎಂಬುದನ್ನು ಬುಟವಲ್‌ನಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿಯೇ ಕೇಳಿ ತಿಳಿದುಕೊಂಡು ತೀರ್ಮಾನಿಸಬೇಕೇ ಹೊರತು ವಿರಾಜಪೇಟೆಯಲ್ಲಿ ಕೂತು ತೀರ್ಮಾನಿಸಲಾಗದು. ಹಿಂದಿನ ಎರಡು ಮೂರು ದಿನಗಳಲ್ಲಿ ಮಳೆ ಬಿದ್ದಿದ್ದರೆ ಈ ದಾರಿಯನ್ನು ಮರೆತುಬಿಡಿ.

ಇನ್ನೊಂದು ದಾರಿ ಬುಟವಲ್‌ನಿಂದ ಪೂರ್ವಕ್ಕೆ ಬಯಲಿನ ಪೂರ್ವ–ಪಶ್ಚಿಮ ಹೆದ್ದಾರಿಯಲ್ಲಿ ಸಾಗಿ ನಾರಾಯಣಘಾಟ್ ತಲುಪುವುದು. ಸುಮಾರು 115 ಕಿಲೋಮೀಟರಿನ ಈ ಭಾಗದಲ್ಲಿ ದೌನ್ನೆ ಎಂಬ ಚೂರೆ ಗುಡ್ಡವೊಂದು ಅಡ್ಡ ಬರುತ್ತದೆ. ಅಗಲೀಕರಣದ ಕೆಲಸ ವರ್ಷಗಟ್ಟಲೆ ಎಳೆದಾಡಿದ ಕಾರಣ ದೌನ್ನೆಯ ಕೆಸರು, ಧೂಳು, ಗುಂಡಿಗಳು ನೇಪಾಳದಲ್ಲಿ ಗಾದೆಯಷ್ಟು ಪ್ರಸಿದ್ಧ. ಅಲ್ಲಿ ಗಾಡಿ ನಜ್ಜುಗುಜ್ಜಾಗುವ ಭಯಕ್ಕಿಂತ ಹೊತ್ತು ಹಾಳಾಗುವ ಭಯ ಹೆಚ್ಚು. ಹಾಳಾದ ಹೊತ್ತನ್ನು ಮುಂದಿನ ಕಣಿವೆಯಲ್ಲಿ ತುಂಬಿಕೊಳ್ಳಲು ಹೊರಡುವುದೇ ಅಪಾಯವಾದ್ದರಿಂದ, ದೌನ್ನೆ ದಾಟುವಾಗ ಮಧ್ಯಾಹ್ನ ಮೀರಿದ್ದರೆ ಆ ದಿನದ ಪ್ರಯಾಣ ಭರತ್‌ಪುರದಲ್ಲಿ ಮುಗಿಯಿತು ಎಂದುಕೊಳ್ಳಬೇಕು. ಸೌರಾಹಾದಲ್ಲಿ ಉಳಿದರೆ ಚಿತವನದ ಖಡ್ಗಮೃಗಗಳನ್ನು ನೋಡುವ ಅವಕಾಶವೂ ಸಿಗುತ್ತದೆ, ರಾತ್ರಿ ವ್ಯರ್ಥವಾಯಿತೆಂದು ಜೊತೆಯವರು ಗೊಣಗುವುದಿಲ್ಲ.

ನಾರಾಯಣಘಾಟ್‌ನಿಂದ ಮುಗ್ಲಿಂಗ್‌ಗೆ 36 ಕಿಲೋಮೀಟರ್. ಇಡೀ ಪ್ರಯಾಣದಲ್ಲಿ ಹೆಚ್ಚು ಎಚ್ಚರ ಬೇಡುವ ಗಂಟೆ ಒಂದೂವರೆ ಗಂಟೆ ಇದು. ತ್ರಿಶೂಲಿ ನದಿಯ ಪೂರ್ವದ ದಡದಲ್ಲಿ ಕಡಿದಾದ ಬೆಟ್ಟವನ್ನು ಕೊರೆದು ಮಾಡಿದ ಈ ರಸ್ತೆಯ ಸಿಮಲತಾಲ್ ಎಂಬಲ್ಲಿ 2024ರ ಜುಲೈ 12ರ ನಸುಕಿನಲ್ಲಿ, ಬೆಳಗಿನ ಜಾವ ಮೂರೂವರೆಯ ಸುಮಾರಿಗೆ, ಬೆಟ್ಟ ಜಾರಿ ಅರವತ್ತಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳನ್ನು ನದಿಗೆ ತಳ್ಳಿತು. ಬದುಕಿ ದಡ ಸೇರಿದವರು ಮೂವರು. ಒಂದು ಬಸ್ಸು ಕಾಠ್ಮಂಡುವಿಗೆ ಹೋಗುತ್ತಿತ್ತು, ಇನ್ನೊಂದು ಅಲ್ಲಿಂದ ಬರುತ್ತಿತ್ತು. ಹಾಗಾದರೆ ಇದನ್ನೇ ಸುರಕ್ಷಿತವೆಂದು ಹೇಳುವುದು ಹೇಗೆ ಎಂದು ನೀವು ಕೇಳಬಹುದು. ಆ ದುರಂತದ ತಿಂಗಳನ್ನೂ ಗಂಟೆಯನ್ನೂ ಗಮನಿಸಿ. ಹಿಮಾಲಯದ ದಕ್ಷಿಣದ ಇಳಿಜಾರುಗಳಲ್ಲಿ ಮುಂಗಾರಿನ ಮಳೆ ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವದಲ್ಲಿ ಜೋರಾಗುತ್ತದೆ; ನೀರು ತುಂಬಿಕೊಂಡ ಬೆಟ್ಟ ಕೈಬಿಡುವುದು, ಎದುರಿಗೆ ಬೆಟ್ಟವಿದೆಯೋ ಇಲ್ಲವೋ ಎಂದು ಕಾಣದ ಆ ಹೊತ್ತಿನಲ್ಲೇ. ಅಕ್ಟೋಬರ್ ಕೊನೆಯ ಒಣ ದಿನದ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರೊಳಗೆ ಅದೇ ರಸ್ತೆಯಲ್ಲಿ ಹೋಗುವುದು ಬೇರೆಯೇ ರಸ್ತೆಯಲ್ಲಿ ಹೋದಂತೆ. ಮಳೆಯ ಮುನ್ಸೂಚನೆಯಿದ್ದಾಗ ಅಲ್ಲಿನ ಜಿಲ್ಲಾಡಳಿತ ರಾತ್ರಿ ಸಂಚಾರವನ್ನು ತಡೆಯುವುದೂ ಉಂಟು; ಆಗ ತಡೆಗೋಲಿನ ಬಳಿ ವಾದಕ್ಕಿಳಿಯದೆ ಹಿಂತಿರುಗಿ.

ಈ ಕಣಿವೆಯ ಇನ್ನೊಂದು ಲಕ್ಷಣವನ್ನು ಮ್ಯಾಪು ಹೇಳುವುದಿಲ್ಲ. ಎಡಬದಿಯ ಚಾಲನೆಯಿರುವ ಕಾರಣ, ನಾರಾಯಣಘಾಟ್‌ನಿಂದ ಉತ್ತರಕ್ಕೆ ಹೋಗುವಾಗ ನದಿ ನಿಮ್ಮ ಎಡಕ್ಕಿರುತ್ತದೆ, ಎಂದರೆ ನಿಮ್ಮ ಗಾಡಿ ಪ್ರಪಾತದ ಅಂಚಿನಲ್ಲಿರುತ್ತದೆ. ಮುಗ್ಲಿಂಗ್‌ನಿಂದ ಕಾಠ್ಮಂಡುವಿನ ಕಡೆ ತಿರುಗಿದ ಮೇಲೂ ರಸ್ತೆ ತ್ರಿಶೂಲಿಯ ದಕ್ಷಿಣ ದಡದಲ್ಲಿ ಪೂರ್ವಕ್ಕೆ ಸಾಗುವುದರಿಂದ ಬಹುದೂರ ಇದೇ ಸ್ಥಿತಿ. ಹಿಂತಿರುಗುವಾಗ ಬೆಟ್ಟದ ಮಗ್ಗುಲು ನಿಮ್ಮದಾಗುತ್ತದೆ. ಹೋಗುವಾಗ ನೋಡಬೇಕಾದದ್ದು ರಸ್ತೆಯ ಅಂಚನ್ನು: ಡಾಂಬರಿನ ಕೆಳಗಿನ ಮಣ್ಣನ್ನು ನದಿ ಕೊರೆದಿರಬಹುದು, ತಡೆಗೋಡೆ ಇಲ್ಲದಿರಬಹುದು, ಎದುರಿನಿಂದ ಹಿಂದಿಕ್ಕುತ್ತ ಬರುವ ಬಸ್ಸಿಗೆ ಜಾಗ ಕೊಡಲು ಎಡಕ್ಕೆ ಸರಿಯುವ ನಮ್ಮ ಸಹಜ ಅಭ್ಯಾಸ ಅಲ್ಲಿ ಕುತ್ತು ತರಬಹುದು. ಅಂತಹ ಬಸ್ಸು ಕಂಡಾಗ ಸರಿಯುವುದಕ್ಕೆ ಮೊದಲು ವೇಗ ಇಳಿಸಿ, ಬೇಕಾದರೆ ಪೂರ್ತಿ ನಿಂತುಬಿಡಿ. ಹಿಂತಿರುಗುವಾಗ ನೋಡಬೇಕಾದದ್ದು ಮೇಲಕ್ಕೆ. ರಸ್ತೆಯ ಮೇಲೆ ಹೊಸದಾಗಿ ಬಿದ್ದ ಸಣ್ಣ ಕಲ್ಲುಗಳು ಚದುರಿದ್ದರೆ ಅಲ್ಲಿ ನಿಲ್ಲಬಾರದು, ಫೋಟೊ ತೆಗೆಯುವುದಕ್ಕಂತೂ ಖಂಡಿತ ಬೇಡ.

ಎಲ್ಲಿ ನಿಲ್ಲಬಾರದು ಎಂಬುದು ಎಲ್ಲಿ ಹೋಗಬೇಕು ಎಂಬುದರಷ್ಟೇ ದೊಡ್ಡ ವಿಷಯ. 2024ರ ಸೆಪ್ಟೆಂಬರ್ ಕೊನೆಯ ಮಹಾಮಳೆಯಲ್ಲಿ, ಕಾಠ್ಮಂಡು ಕಣಿವೆಯ ಪಶ್ಚಿಮದ ಬಾಗಿಲಿನಂತಿರುವ ನಾಗಢುಂಗಾದ ಕೆಳಗೆ ಝ್ಯಾಪ್ಲೆ ಖೋಲಾ ಎಂಬ ತೊರೆಯ ಬಳಿ ವಾಹನಗಳ ಮೇಲೆ ಬೆಟ್ಟ ಕುಸಿದು ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ರಸ್ತೆ ಮುಚ್ಚಿ ಸಾಲುಗಟ್ಟಿದ್ದ ಗಾಡಿಗಳಲ್ಲಿ ಜನ ದಾರಿ ತೆರೆಯುವುದನ್ನು ಕಾಯುತ್ತಿದ್ದ ಹೊತ್ತದು. ಟ್ರಾಫಿಕ್ ನಿಂತಾಗ ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲುವುದು ನಮ್ಮೆಲ್ಲರ ರೂಢಿ. ಅಲ್ಲಿ ಅದನ್ನು ಬಿಡಬೇಕು. ತಲೆಯ ಮೇಲೆ ಕಡಿದ ಬರೆ ಇರುವ ಜಾಗ, ತೊರೆ ರಸ್ತೆಯನ್ನು ದಾಟುವ ಜಾಗ, ಹಳೆಯ ಕುಸಿತದ ಬೋಳು ಗಾಯ ಕಾಣುವ ಜಾಗ, ಇವು ಮೂರರಲ್ಲಿ ಯಾವುದೇ ಆದರೂ ಹಿಂದೆಯೇ ನಿಂತು ಮುಂದೆ ಖಾಲಿ ಬಿಡಿ. ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ. ಮಳೆಯಲ್ಲಿ ಸಾಲು ಅರ್ಧ ಗಂಟೆ ಅಲುಗದಿದ್ದರೆ, ಗಾಡಿ ತಿರುಗಿಸಲು ಜಾಗವಿರುವಾಗಲೇ ತಿರುಗಿಸಿ ಹಿಂದಿನ ಪೇಟೆಗೆ ಬಂದು ರೂಮು ಹಿಡಿಯುವುದು ಲೇಸು.

ಸ್ಥಳದ ಹೆಸರುಗಳನ್ನು ಕಿವಿಗೊಟ್ಟು ಕೇಳುವುದರಿಂದಲೂ ಪ್ರಯೋಜನವಿದೆ. ನಮ್ಮಲ್ಲಿ ತೋಡು, ಕೊಲ್ಲಿ ಎನ್ನುವಂತೆ ಅಲ್ಲಿ ‘ಖೋಲಾ’ ಎಂದರೆ ತೊರೆ, ‘ಭೀರ್’ ಎಂದರೆ ಕಡಿದಾದ ಬಂಡೆಯ ಗೋಡೆ, ‘ಭಂಜ್ಯಾಂಗ್’ ಎಂದರೆ ಎರಡು ಬೆಟ್ಟಗಳ ನಡುವಿನ ಕಣಿವೆಬಾಯಿ. ಬಳಸುವವರಿಗೆ ಮುನ್ನೆಚ್ಚರಿಕೆಯಾಗಲೆಂದು ಯಾರೂ ಈ ಹೆಸರುಗಳನ್ನು ಇಟ್ಟಿದ್ದಲ್ಲ, ಆದರೂ ಮ್ಯಾಪಿನಲ್ಲಿ ಭೀರ್, ಖೋಲಾ ಎಂದು ಕಂಡಲ್ಲಿ ಚಹಾಕ್ಕೆ ನಿಲ್ಲುವ ಯೋಚನೆಯನ್ನು ಮುಂದೂಡಬಹುದು. ‘ಪಹಿರೊ’ ಎಂಬುದು ಭೂಕುಸಿತ, ‘ಬಾಟೊ’ ಎಂಬುದು ದಾರಿ. ಹೋಟೆಲಿನವನಿಗೆ ‘ಬಾಟೊ ಬಂದ?’, ಎಂದರೆ ದಾರಿ ಬಂದ್ ಆಗಿದೆಯೇ, ಎಂದು ಕೇಳಿದರೆ ಸಾಕು, ಉತ್ತರ ಹಿಂದಿಯಲ್ಲಿ ಬರುತ್ತದೆ. ಆದರೆ ಹೋಟೆಲಿನವನಿಗಿಂತ ಒಳ್ಳೆಯ ಸಾಕ್ಷಿ, ನೀವು ಹೋಗಬೇಕಾದ ಕಡೆಯಿಂದ ಬಂದು ಊಟಕ್ಕೆ ನಿಂತ ಬಸ್ಸಿನ ಚಾಲಕ. ದಾರಿ ಹೇಗಿದೆ ಎಂದು ಅವನನ್ನು ಕೇಳಬೇಡಿ, ಚೆನ್ನಾಗಿದೆ ಎಂದೇ ಹೇಳುತ್ತಾನೆ. ಮುಗ್ಲಿಂಗ್ ಎಷ್ಟು ಗಂಟೆಗೆ ಬಿಟ್ಟೆ ಎಂದು ಕೇಳಿ. 36 ಕಿಲೋಮೀಟರಿಗೆ ಮೂರು ಗಂಟೆ ಹಿಡಿದಿದ್ದರೆ ನಿಮಗೆ ಬೇಕಾದ ಸುದ್ದಿ ಸಿಕ್ಕಿತು. ಸಂಚಾರ ಪೊಲೀಸರ 103ಕ್ಕೂ ಕರೆ ಮಾಡಬಹುದು, ಆದ್ದರಿಂದ ಗಡಿಯಲ್ಲಿಯೇ ಒಂದು ನೇಪಾಳಿ ಸಿಮ್ ಪಡೆದುಕೊಳ್ಳಿ.

ಫೋನಿನ ಮ್ಯಾಪನ್ನು ನಾನು ದೂರುವುದಿಲ್ಲ, ದೂರ ತಿಳಿಯಲು ಅದು ಬೇಕು, ಸಿಗ್ನಲ್ ಇಲ್ಲದ ಕಡೆಗಾಗಿ ಮೊದಲೇ ಇಳಿಸಿಕೊಂಡಿರಬೇಕು. ಅದರ ತೊಂದರೆ ಬೇರೆ. ನೇಪಾಳದ ಹಳ್ಳಿಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಡೋಜರ್‌ನಿಂದ ಬೆಟ್ಟ ಕೆರೆದು ಮಾಡಿದ, ಚರಂಡಿಯೂ ತಡೆಗೋಡೆಯೂ ಇಲ್ಲದ ಕಚ್ಚಾ ರಸ್ತೆಗಳು ಹಬ್ಬಿವೆ. ಹೆದ್ದಾರಿಯಲ್ಲಿ ಜಾಮ್ ಆದಾಗ ಮ್ಯಾಪು ಇಂಥವನ್ನು ಬದಲಿ ದಾರಿಯೆಂದು ತೋರಿಸಬಲ್ಲದು. ಎಸ್ಟೇಟಿನ ಜೀಪು ರಸ್ತೆಯಲ್ಲಿ ಹೊರಗಿನವರ ಕಾರು ಸಿಕ್ಕಿಕೊಂಡು ನಮ್ಮ ಮನೆ ಬಾಗಿಲಿಗೆ ಟ್ರ್ಯಾಕ್ಟರ್ ಕೇಳಿಕೊಂಡು ಬಂದವರನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಆ ಹೊರಗಿನವರು ನಾವೇ.

ಸುನೌಲಿಯ ಬದಲು ರಕ್ಸೌಲ್‌ನಲ್ಲಿ ಗಡಿ ದಾಟಿ ಬೀರ್‌ಗಂಜ್ ಮೂಲಕ ಕಾಠ್ಮಂಡುವಿಗೆ ಹೋಗಬಾರದೇ ಎಂದು ಕೆಲವರು ಕೇಳುತ್ತಾರೆ. ಮ್ಯಾಪಿನಲ್ಲಿ ಅದು ಬಹಳ ಹತ್ತಿರ, ಆಸೆ ಹುಟ್ಟಿಸುವುದೂ ಅದೇ. ಭಾರತದ ನೆರವಿನಿಂದ 1956ರ ಹೊತ್ತಿಗೆ ಸಿದ್ಧವಾದ ತ್ರಿಭುವನ ರಾಜಪಥ ಹೆಟೌಡಾದಿಂದ ಸುಮಾರು 2,490 ಮೀಟರ್ ಎತ್ತರದ ಸಿಮಭಂಜ್ಯಾಂಗ್ ಏರಿ, ದಾಮನ್ ಮೂಲಕ ಇಳಿಯುತ್ತದೆ. ಮಡಿಕೇರಿಯ ಎರಡು ಪಟ್ಟಿಗೂ ಹೆಚ್ಚಿನ ಎತ್ತರ, ಮುಗಿಯದ ತಿರುವುಗಳು, ಚಳಿಗಾಲದಲ್ಲಿ ಮಂಜು, ಕೆಲವೊಮ್ಮೆ ಹಿಮ. ಆಕಾಶ ತಿಳಿಯಾಗಿರುವ ದಿನ ಹಿಮಾಲಯದ ಸಾಲನ್ನು ನೋಡುವುದಕ್ಕೆಂದೇ ಹೋಗುವವರ ದಾರಿ ಅದು. ಹೆಟೌಡಾದಿಂದ ಕುಲೇಖಾನಿ, ಫರ್ಪಿಂಗ್ ಮೂಲಕ ಇನ್ನೂ ಹತ್ತಿರದ ದಾರಿಯಿದೆ, ಸ್ಥಳೀಯ ಜೀಪುಗಳು ಅದರಲ್ಲಿ ಓಡಾಡುತ್ತವೆ. ಆ ಏರು ಎಷ್ಟು ಕಡಿದೆಂದರೆ ನಾಲ್ವರನ್ನೂ ಸಾಮಾನನ್ನೂ ಹೊತ್ತ ಸಣ್ಣ ಕಾರು ತಿರುವಿನಲ್ಲಿ ನಿಂತುಬಿಟ್ಟರೆ ಮತ್ತೆ ಹೊರಡಿಸುವುದು ಕಷ್ಟ. ದಾರಿ ಬಲ್ಲ ಚಾಲಕನಿಗೆ ಇದು ಸರಿ, ಮೊದಲ ಸಲ ಹೋಗುವವರಿಗೆ ಬೇಡ. ರಕ್ಸೌಲ್‌ನಲ್ಲಿ ದಾಟಿದವರು ಸಹ ಹೆಟೌಡಾದಿಂದ ಪಶ್ಚಿಮಕ್ಕೆ ತಿರುಗಿ ನಾರಾಯಣಘಾಟ್‌ಗೆ ಬಂದು ಮುಗ್ಲಿಂಗ್ ದಾರಿಯನ್ನೇ ಸೇರುವುದು ಸುತ್ತಾದರೂ ಒಳ್ಳೆಯದು. ಭಾರದ ಲಾರಿಗಳು ಇದನ್ನೇ ಮಾಡುತ್ತವೆ.

ಯಾವಾಗ ಹೋಗಬೇಕು ಎಂಬುದಕ್ಕೆ ಕೊಡಗಿನ ಪಂಚಾಂಗವೇ ಒಳ್ಳೆಯ ಉತ್ತರ ಕೊಡುತ್ತದೆ. ಜುಲೈ–ಆಗಸ್ಟಿನ ಕಕ್ಕಡ ತಿಂಗಳಲ್ಲಿ ನಾವು ಭಾಗಮಂಡಲಕ್ಕೆ ಹೋಗಲು ಹಿಂದುಮುಂದು ನೋಡುವ ಹೊತ್ತಿಗೆ ಅಲ್ಲಿಯೂ ಮುಂಗಾರು ಉಕ್ಕಿರುತ್ತದೆ. ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೂ ಸೆಪ್ಟೆಂಬರ್ ಪೂರ್ತಿ ನಂಬುವಂತಿಲ್ಲ ಎಂಬುದಕ್ಕೆ ಝ್ಯಾಪ್ಲೆ ಖೋಲಾ ಸಾಕ್ಷಿ. ಅಕ್ಟೋಬರ್ 17ರ ಹೊತ್ತಿನ ಕಾವೇರಿ ಸಂಕ್ರಮಣ ಮುಗಿಸಿ ಹೊರಟು ನವೆಂಬರ್–ಡಿಸೆಂಬರಿನ ಸುಗ್ಗಿ ಹಬ್ಬವಾದ ಪುತ್ತರಿಯೊಳಗೆ ಹಿಂತಿರುಗುವುದು ಎಲ್ಲ ರೀತಿಯಿಂದಲೂ ಸರಿಯಾದ ಕಾಲ: ಮಳೆ ಹಿಂದೆ ಸರಿದಿರುತ್ತದೆ, ಹಗಲು ತಿಳಿಯಾಗಿರುತ್ತದೆ, ತೋಟದಲ್ಲಿ ಕೊಯ್ಲಿನ ಒತ್ತಡ ಇನ್ನೂ ಏರಿರುವುದಿಲ್ಲ. ಇದರಲ್ಲಿಯೂ ಒಂದು ಎಚ್ಚರವಿದೆ. ನಮ್ಮ ಮಡಿಕೇರಿ, ಗೋಣಿಕೊಪ್ಪ ದಸರಾಗಳ ದಿನಗಳಲ್ಲೇ ಅಲ್ಲಿ ದಶೈಂ ಹಬ್ಬವಿದ್ದು, ಕಾಠ್ಮಂಡುವಿನಲ್ಲಿ ಕೆಲಸಕ್ಕಿರುವವರು ತಮ್ಮ ಊರುಗಳಿಗೆ ಇದೇ ಮುಗ್ಲಿಂಗ್ ರಸ್ತೆಯಲ್ಲಿ ಹೊರಡುತ್ತಾರೆ. ನಿದ್ದೆಗೆಟ್ಟು ಎರಡೆರಡು ಸುತ್ತು ಹೊಡೆಯುವ ಬಸ್ಸು ಚಾಲಕರ ನಡುವೆ ಹೊಸಬರು ಸಿಕ್ಕಿಕೊಳ್ಳದಿರುವುದು ಒಳ್ಳೆಯದು. ವಿಜಯದಶಮಿಯ ನಂತರದ ಹುಣ್ಣಿಮೆ ಕಳೆಯಲಿ.

ನಮ್ಮವರಿಗೆ ಮಾತ್ರ ಹೇಳಬೇಕಾದ ಎರಡು ಮಾತುಗಳಿವೆ. ಕೊಡವ ಕುಲದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಆಯುಧ ಕಾಯ್ದೆಯಲ್ಲಿರುವ ವಿನಾಯಿತಿ ಸುನೌಲಿಯ ತಡೆಗೋಲಿನ ಆಚೆಗೆ ಇಲ್ಲ. ಕೋವಿಯ ಮಾತು ಹಾಗಿರಲಿ, ಸೀಟಿನ ಕೆಳಗೆ ಮರೆತುಹೋದ ಒಂದು ತೋಟೆ ಸಹ ಇಡೀ ಪ್ರವಾಸವನ್ನು ಠಾಣೆಯಲ್ಲಿ ಮುಗಿಸಬಹುದು, ಆದ್ದರಿಂದ ಹೊರಡುವ ಮುನ್ನ ಗಾಡಿಯನ್ನು ಚೆನ್ನಾಗಿ ಕೊಡವಿ ನೋಡಿ. ಇನ್ನೊಂದು, ಕುಡಿದು ಓಡಿಸುವವರನ್ನು ಹಿಡಿಯುವ ‘ಮಾಪಸೆ’ ಎಂಬ ತಪಾಸಣೆ ಕಾಠ್ಮಂಡುವಿನಲ್ಲಿ ಬಹಳ ಬಿಗಿಯಾಗಿ ನಡೆಯುತ್ತದೆ. ಒಂದು ಪೆಗ್ಗು ಲೆಕ್ಕಕ್ಕಿಲ್ಲ ಎಂಬ ನಮ್ಮ ಊರಿನ ವಾದ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.

ಕೊನೆಯದಾಗಿ, ಪೋಖರಾ ತಲುಪಿದವರೆಲ್ಲ ಕೇಳುವ ಮುಕ್ತಿನಾಥದ ವಿಚಾರ. ಸುಮಾರು 3,700 ಮೀಟರ್ ಎತ್ತರದಲ್ಲಿರುವ ಆ ಕ್ಷೇತ್ರಕ್ಕೆ ಬೇನಿಯಿಂದ ಕಾಳಿ ಗಂಡಕಿಯ ಕಮರಿಯಲ್ಲಿ ಜೋಮ್‌ಸೋಮ್ ಮೂಲಕ ರಸ್ತೆ ಹೋಗುತ್ತದೆ, ನಮ್ಮ ಕಡೆಯ ಕಾರುಗಳು ಹೋಗಿ ಬಂದ ವಿಡಿಯೊಗಳೂ ಬೇಕಾದಷ್ಟಿವೆ. ನನ್ನ ಅಭಿಪ್ರಾಯ ಕೇಳಿದರೆ ಸ್ವಂತ ಕಾರು ಪೋಖರಾದಲ್ಲಿಯೇ ಉಳಿಯಲಿ. ಅಲ್ಲಿಂದ ಮುಂದೆ ದಾರಿಯನ್ನು ದಿನವೂ ಬಲ್ಲವನ ಜೀಪು ಬಾಡಿಗೆಗೆ ಸಿಗುತ್ತದೆ. ಯಾವ ತಿರುವಿನ ಆಚೆ ನಿನ್ನೆ ಕಲ್ಲು ಬಿದ್ದಿತ್ತು, ಯಾವ ತೊರೆಯನ್ನು ಬೆಳಿಗ್ಗೆಯೇ ದಾಟಬೇಕು, ಜೋಮ್‌ಸೋಮ್‌ನ ಗಾಳಿ ಎಷ್ಟು ಹೊತ್ತಿಗೆ ಎದ್ದು ಧೂಳು ಕವಿಯುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಎರಡು ದಿನ ಹಿಂದಿನ ಸೀಟಿನಲ್ಲಿ ಕೂತ ನಿಮ್ಮ ಚಾಲಕನಿಗೂ, ಮುಗ್ಲಿಂಗ್ ಕಣಿವೆಯಲ್ಲಿ ಈ ಸಲ ಬೆಟ್ಟದ ಮಗ್ಗುಲಿನಲ್ಲಿ ಇಳಿಯುವ ಮುನ್ನ, ಬೇಕಾದ ವಿಶ್ರಾಂತಿ ಸಿಕ್ಕಿರುತ್ತದೆ.